ಆ ಕರಡಿ ಫೋಟೋ ನನ್ನದು, ವಾದ ನನ್ನದಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ನಿಮ್ಮ ಓದುಗರ ಪುಟದಲ್ಲಿ ಕರಡಿ ಬೇಟೆ ಬಗ್ಗೆ ಎರಡು ಪತ್ರ ಬಂದಿದ್ದವು. ಮೊದಲನೆಯದನ್ನು ಬರೆದವರು ತೀರ್ಥಹಳ್ಳಿ ಕಡೆಯವರು. 'ಕೆನಡಾದಲ್ಲಿ ನಮ್ಮೂರ ಹುಡುಗನೇ ಲೈಸೆನ್ಸ್ ತೆಗೆದುಕೊಂಡು ಕರಡಿ ಹೊಡೆದಿದ್ದಾನೆ, ಫೋಟೋ ನೋಡಿದ್ದೇವೆ, ಇಲ್ಲಿ ನಮ್ಮ ಗದ್ದೆ ಹಾಳು ಮಾಡುವ ಹಂದಿಗೂ ಕೋವಿ ಎತ್ತುವಂತಿಲ್ಲ' ಅಂತ ಅವರ ಸಿಟ್ಟು. ಅದಕ್ಕೆ ಉತ್ತರವಾಗಿ ಬೆಂಗಳೂರಿನವರೊಬ್ಬರು, ಚಳಿಗಾಲ ಪೂರ್ತಿ ಗುಹೆಯಲ್ಲಿ ಮಲಗಿ ಆಗಷ್ಟೇ ಮರಿ ಕಟ್ಟಿಕೊಂಡು ಹೊರಗೆ ಬಂದ ತಾಯಿಯನ್ನು ಕೊಲ್ಲುವವರು ಮನುಷ್ಯರೇ ಅಲ್ಲ ಅಂತ ಬರೆದಿದ್ದರು.

ಆ ನಮ್ಮೂರ ಹುಡುಗ ನಾನೇ. ವಯಸ್ಸು ನಲವತ್ತೇಳು. ಹುಡುಗ ಅಂದಿದ್ದಕ್ಕೆ ಖುಷಿಯಾಯಿತು, ಉಳಿದದ್ದಕ್ಕೆ ಆಗಲಿಲ್ಲ.

ಆ ಫೋಟೋವನ್ನು ನಾನು ಹಾಕಿದ್ದು ಮನೆಯವರದ್ದೇ ಹನ್ನೊಂದು ಜನರ ವಾಟ್ಸಾಪ್ ಗುಂಪಿನಲ್ಲಿ. ಅಲ್ಲಿಂದ ಯಾರೋ ಇನ್ನೊಂದು ಗುಂಪಿಗೆ ಕಳಿಸಿದರು, ಅಲ್ಲಿಂದ ಅಡಿಕೆ ಬೆಳೆಗಾರರ ಗುಂಪಿಗೆ ಹೋಯಿತು, ಮೂರು ವಾರ ಬಿಟ್ಟು ಅದೇ ಫೋಟೋ ನನಗೇ ವಾಪಸ್ ಬಂದಾಗ ಕೆಳಗೆ ದಪ್ಪ ಅಕ್ಷರದಲ್ಲಿ 'ಇದು ಕಣ್ರೀ ಕಾನೂನು ಅಂದ್ರೆ' ಅಂತ ಸೇರಿಕೊಂಡಿತ್ತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿಸುವುದಾದರೆ ಊಟದ ಭಾಗ ಕತ್ತರಿಸಿ, ಮರಿಗಳ ಭಾಗ ಬಿಡಿ.

ನಾನಿರುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಪ್ರಿನ್ಸ್ ಜಾರ್ಜ್ ಅನ್ನುವ ಊರಿನಲ್ಲಿ. ಮರದ ಮಿಲ್ಲುಗಳ ಊರು. ಸುತ್ತ ಎತ್ತ ನೋಡಿದರೂ ಸ್ಪ್ರೂಸ್, ಪೈನ್ ಮರಗಳ ಕಾಡು. ಈ ಪ್ರಾಂತ್ಯ ಒಂದೇ ನಮ್ಮ ಕರ್ನಾಟಕದ ಹೆಚ್ಚುಕಡಿಮೆ ಐದರಷ್ಟು ದೊಡ್ಡದು, ಜನ ಮಾತ್ರ 55 ಲಕ್ಷದ ಆಸುಪಾಸು. ಅಂದರೆ ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಇಷ್ಟು ಜಾಗದಲ್ಲಿ ಕಪ್ಪು ಕರಡಿಗಳು 1.2 ಲಕ್ಷದಿಂದ 1.5 ಲಕ್ಷ ಇವೆ ಅಂತ ಇಲ್ಲಿನ ಸರ್ಕಾರದ ಅಂದಾಜು. ಮನೆ ಮುಂದಿನ ಕಸದ ಡಬ್ಬಿ ಸರಿಯಾಗಿ ಮುಚ್ಚದೆ ಮಲಗಿದರೆ ಬೆಳಿಗ್ಗೆ ಅದು ಬೀದಿ ಮಧ್ಯೆ ಇರುತ್ತದೆ. ನಮ್ಮಲ್ಲಿ ನಾಯಿ ಮಾಡುವ ಕೆಲಸ ಇಲ್ಲಿ ಕರಡಿ ಮಾಡುತ್ತದೆ. ಹೀಗೆ ಊರಿನ ಕಸದ ರುಚಿ ಹತ್ತಿದ ಕರಡಿಗಳನ್ನು ಅಧಿಕಾರಿಗಳೇ ಪ್ರತಿ ವರ್ಷ ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಾರೆ. ನನಗೆ ಆ ಸಾವು ಬೇಟೆಗಿಂತ ಬೇಸರದ್ದು ಅನ್ನಿಸುತ್ತದೆ, ಏಕೆಂದರೆ ತಪ್ಪು ಕರಡಿಯದ್ದಲ್ಲ, ಡಬ್ಬಿ ಮುಚ್ಚದ ನಮ್ಮದು.

ಬೇಟೆಗೆ ಬರೋಣ. ನನಗೆ ಕೋವಿ ಹೊಸದಲ್ಲ. ಅಜ್ಜನ ಒಂಟಿ ನಳಿಗೆ ಕೋವಿ ಮನೆಯ ಜಗುಲಿಯಲ್ಲಿ ತೂಗಿರುತ್ತಿತ್ತು, ಅಪ್ಪಯ್ಯ ಚುನಾವಣೆ ಬಂದಾಗಲೆಲ್ಲ ಅದನ್ನು ಗೋಣಿಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಕೊಟ್ಟು ಬರುತ್ತಿದ್ದರು, ಮುಗಿದ ಮೇಲೆ ವಾಪಸ್ ತರುತ್ತಿದ್ದರು. ಆ ಕೋವಿ ಜಾಸ್ತಿ ಓಡಾಡಿದ್ದು ಈ ದಾರಿಯಲ್ಲೇ. ಆದರೂ ಇಲ್ಲಿ ಬಂದು ಆರು ವರ್ಷ ನಾನು ಬಂದೂಕು ಮುಟ್ಟಿರಲಿಲ್ಲ. ಮಿಲ್ಲಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬರಿದ್ದಾರೆ, ಅರವತ್ತು ದಾಟಿದವರು, ಇನ್ನೇನು ರಿಟೈರ್ ಆಗುತ್ತಾರೆ. ಅವರು ಪ್ರತಿ ವರ್ಷ ಅಂಗಡಿಯಿಂದ ಮಾಂಸವನ್ನೇ ತರುವುದಿಲ್ಲ, ಒಂದು ಮೂಸ್ (ಕುದುರೆಯಷ್ಟು ದೊಡ್ಡ ಜಿಂಕೆ ಜಾತಿ), ಒಂದು ಕರಡಿ, ಒಂದಿಷ್ಟು ಮೀನು, ಅಷ್ಟರಲ್ಲಿ ಅವರ ವರ್ಷ ಕಳೆಯುತ್ತದೆ. ಆ ಹಿರಿಯರೇ ನನ್ನನ್ನು ಬೇಟೆಗೆ ಎಳೆದದ್ದು.

ಎಳೆದರೆ ಸಾಕಾ, ಆಗುವುದಿಲ್ಲ. ಮೊದಲು ಬಂದೂಕು ಸುರಕ್ಷತೆಯ ತರಗತಿ, ಅದಕ್ಕೆ ಪರೀಕ್ಷೆ. ಆಮೇಲೆ ಬಂದೂಕು ಲೈಸೆನ್ಸಿನ ಅರ್ಜಿ, ಅದರಲ್ಲಿ ಹೆಂಡತಿಯ ಸಹಿಗೂ ಜಾಗ ಇದೆ, ಸಹಿ ಇಲ್ಲದಿದ್ದರೆ ಅವರೇ ಅವಳಿಗೆ ತಿಳಿಸುತ್ತಾರೆ. ಮೊದಲ ಸಲ ಅರ್ಜಿ ಹಾಕುವವರಿಗೆ 28 ದಿನ ಕಡ್ಡಾಯವಾಗಿ ಕಾಯಿಸುತ್ತಾರೆ. ನನ್ನವಳು ಸಹಿ ಹಾಕುವ ಮುಂಚೆ ಎರಡು ದಿನ ಅರ್ಜಿಯನ್ನು ಅಡುಗೆಮನೆ ಡಬ್ಬಿ ಮೇಲೆ ಇಟ್ಟಿದ್ದಳು, ಸುಮ್ನೆ, ನನ್ನನ್ನು ನೋಡಲು. ಅದಾದ ಮೇಲೆ ಬೇಟೆಯವರಿಗೇ ಅಂತ ಬೇರೆ ಪಾಠ, ಬೇರೆ ಪರೀಕ್ಷೆ. ಅದರಲ್ಲಿ ಪ್ರಾಣಿ ಗುರುತಿಸುವ ಪ್ರಶ್ನೆಗಳೇ ನನ್ನನ್ನು ಸುಸ್ತು ಮಾಡಿದ್ದು. ಕಪ್ಪು ಕರಡಿ ಅಂದರೆ ಕಪ್ಪಗೇ ಇರಬೇಕು ಅಂತ ಏನಿಲ್ಲ, ಕಂದು, ದಾಲ್ಚಿನ್ನಿ ಬಣ್ಣ, ಕರಾವಳಿಯ ಒಂದು ಕಡೆ ಬಿಳಿ ಕೂಡ ಇರುತ್ತದೆ. ಗ್ರಿಜ್ಲಿ ಅಂದರೆ ಬೇರೆ ಜಾತಿ, ಅದನ್ನು ಹೊಡೆಯುವಂತಿಲ್ಲ. ಬಣ್ಣ ನೋಡಿ ನಂಬಬೇಡ, ಹೆಗಲ ಮೇಲೆ ಡುಬ್ಬ ಇದೆಯಾ ನೋಡು, ಮುಖದ ಇಳಿಜಾರು ನೋಡು, ಉಗುರು ನೋಡು ಅಂತ ಕಲಿಸುತ್ತಾರೆ.

ಇನ್ನು ಬೆಂಗಳೂರಿನವರು ಎತ್ತಿದ ಪ್ರಶ್ನೆ. ಅದು ಸರಿಯಾದ ಪ್ರಶ್ನೆ, ಅವರ ಬೈಗುಳ ಬಿಟ್ಟರೆ. ಕಪ್ಪು ಕರಡಿ ಮರಿ ಹಾಕುವುದು ಜನವರಿ, ಫೆಬ್ರವರಿಯಲ್ಲಿ, ಗುಹೆಯೊಳಗೇ. ಹುಟ್ಟಿದಾಗ ಮರಿ ಅರ್ಧ ಕೆಜಿಯೂ ತೂಗುವುದಿಲ್ಲ. ಹಿಮ ಕರಗುವಾಗ ಮೊದಲು ಹೊರಗೆ ಬರುವುದು ಗಂಡು, ಮರಿಯಿರುವ ತಾಯಿ ಕೊನೆಗೆ. ಹೊರಗೆ ಬಂದಾಗ ಹಣ್ಣಿಲ್ಲ, ಮೀನಿಲ್ಲ. ಹಾಗಾಗಿ ದನದ ಹಾಗೆ ಹುಲ್ಲು ಮೇಯುತ್ತವೆ. ನಿಜವಾಗಿ ಮೇಯುತ್ತವೆ, ನಾನೂ ನೋಡುವ ತನಕ ನಂಬಿರಲಿಲ್ಲ. ಮರ ಸಾಗಿಸುವ ಮಣ್ಣು ರಸ್ತೆಗಳ ಬದಿಯಲ್ಲಿ ಕ್ಲೋವರ್ ಸೊಪ್ಪು, ಡ್ಯಾಂಡೆಲಿಯನ್ ಹೂವು ಮೊದಲು ಚಿಗುರುತ್ತವೆ, ಅಲ್ಲಿಗೆ ಬರುತ್ತವೆ. ಬಯಲಿಗೆ ಬರುವುದರಿಂದ ಈ ಕಾಲದಲ್ಲಿ ಗಂಡಾ ಹೆಣ್ಣಾ ಅಂತ ತುಂಬಾ ಹೊತ್ತು ನೋಡಿ ತೀರ್ಮಾನ ಮಾಡಬಹುದು, ಹೀಗೆ ಹಿಮ ಕರಗುವ ಕಾಲದಲ್ಲಿ ನಡೆಯುವ ವಸಂತದ ಬೇಟೆಯ ಪರವಾಗಿ ಹೇಳುವವರ ಮಾತು ಇದು. ಇಲ್ಲಿನ ಕಾನೂನಿನಲ್ಲಿ ಎರಡು ವರ್ಷ ತುಂಬದ ಕರಡಿಯನ್ನಾಗಲಿ, ಅದರ ಜೊತೆಯಲ್ಲಿರುವ ಯಾವ ಕರಡಿಯನ್ನಾಗಲಿ ಹೊಡೆಯುವಂತಿಲ್ಲ. ಆಮಿಷ ಇಟ್ಟು ಕರೆಯುವಂತಿಲ್ಲ. ಹೊಡೆದ ಮೇಲೆ ಚರ್ಮ ಸುಲಿದು ಮಾಂಸ ಕಾಡಲ್ಲಿ ಬಿಟ್ಟು ಬರುವಂತಿಲ್ಲ, ತಿನ್ನುವ ಭಾಗವನ್ನೆಲ್ಲ ಹೊತ್ತು ತರಬೇಕು. ಮಾಂಸ ಮಾರುವಂತಿಲ್ಲ. ಪಿತ್ತಕೋಶವನ್ನಂತೂ ಕೇಳಲೇಬೇಡಿ, ಅದರ ವ್ಯಾಪಾರ ದೊಡ್ಡ ಅಪರಾಧ.

ಕಾಗದದ ಮೇಲೆ ಇದೆಲ್ಲ ಚೆನ್ನಾಗಿದೆ. ಕಾಡಿನಲ್ಲಿ ಹೇಗೆ ಅಂತ ಹೇಳುತ್ತೇನೆ.

ಮೇ ತಿಂಗಳ ಎರಡನೇ ವಾರದಿಂದ ಮೂರು ಶನಿವಾರ ಹೋದೆವು. ಮೊದಲ ದಿನ ಸೊಳ್ಳೆ ಬಿಟ್ಟರೆ ಏನೂ ಇಲ್ಲ. ಮಧ್ಯಾಹ್ನದ ಮೇಲೆ ದೂರದಲ್ಲಿ ಕಂದು ಬಣ್ಣದ್ದು ಒಂದು ಕಂಡಿತು, ಹೆಗಲು ಉಬ್ಬಿದ ಹಾಗೂ ಕಂಡಿತು, ಇಲ್ಲದ ಹಾಗೂ ಕಂಡಿತು. ಅನುಮಾನ ಬಂದ ಮೇಲೆ ಅದು ಗ್ರಿಜ್ಲಿಯೇ ಅಂತ ಹಿರಿಯರು ದುರ್ಬೀನು ಕೆಳಗಿಟ್ಟು ಫ್ಲಾಸ್ಕಿನ ಕಾಫಿ ತೆಗೆದರು. ಮುಗಿಯಿತು ಆ ದಿನ.

ಎರಡನೇ ಶನಿವಾರದ್ದು ನನಗೆ ಮರೆಯುವುದಿಲ್ಲ. ಹಿಂದೆ ಮರ ಕಡಿದು ಮತ್ತೆ ಗಿಡ ನೆಟ್ಟ ಬಯಲು. ಸಂಜೆ ಏಳು ಗಂಟೆ. ಈ ಕಡೆ ಮೇ ಕೊನೆಗೆ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಅವಸರ ಇಲ್ಲ. ರಸ್ತೆ ಬದಿಯಲ್ಲಿ ಒಂದೇ ಒಂದು ಕರಡಿ, ಕಡುಕಪ್ಪು, ಮಿರಿ ಮಿರಿ ಮಿಂಚುತ್ತಿದೆ, ತಲೆ ಎತ್ತದೆ ಮೇಯುತ್ತಿದೆ. ನೂರು ಮೀಟರ್ ಒಳಗೆ. ಗಾಳಿ ನಮ್ಮ ಮುಖಕ್ಕೆ. ನನ್ನ ಎದೆ ಹೊಡೆದುಕೊಳ್ಳುವುದು ಹಿರಿಯರಿಗೂ ಕೇಳಿಸುತ್ತಿತ್ತೋ ಏನೋ, ನನ್ನ ಭುಜದ ಮೇಲೆ ಕೈ ಇಟ್ಟು ಕೂತ್ಕೋ ಅಂದರು. ಕೂತೆವು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಸುತ್ತ ಒಂದು ಇಲಿಯೂ ಅಲ್ಲಾಡಲಿಲ್ಲ. ನನಗೆ ಕಾಲು ಜೋಮು ಹಿಡಿದು, ಇನ್ನೆಷ್ಟು ಮಾರಾಯರೇ ಅಂತ ಕನ್ನಡದಲ್ಲೇ ಅಂದೆ. ಅವರಿಗೆ ಅರ್ಥವಾದ ಹಾಗೆ ಬೆರಳಿನಿಂದ ಬಯಲಿನ ಅಂಚಿನ ಒಂದು ಸ್ಪ್ರೂಸ್ ಮರ ತೋರಿಸಿದರು. ನಲವತ್ತು ನಿಮಿಷ ಆದ ಮೇಲೆ ಆ ಮರದಿಂದ ಒಂದು ಮರಿ ಹಿಂದುಮುಂದಾಗಿ ಜಾರಿ ಇಳಿಯಿತು. ಅದರ ಹಿಂದೆ ಇನ್ನೊಂದು. ಬೆಕ್ಕಿಗಿಂತ ಸ್ವಲ್ಪ ದೊಡ್ಡವು. ತಾಯಿ ತಾನು ಮೇಯಲು ಹೋಗುವಾಗ ಮರಿಗಳನ್ನು ಮರ ಹತ್ತಿಸಿ ಬಿಡುತ್ತಾಳೆ, ಅವು ಸದ್ದಿಲ್ಲದೆ ಅಲ್ಲೇ ಕೂತಿರುತ್ತವೆ.

ಇಪ್ಪತ್ತನೇ ನಿಮಿಷಕ್ಕೆ ನಾನು ಹೊಡೆದಿದ್ದರೆ ಕಾನೂನಿನ ಕಣ್ಣಿಗೂ ಅಪರಾಧಿಯೇ, ಆದರೆ ಆ ಎರಡು ಮರಿ ಆ ಮರದಲ್ಲೇ ಹಸಿದು ಸಾಯುತ್ತಿದ್ದವು, ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಅಂದರೆ ಬೆಂಗಳೂರಿನವರ ಭಯ ಕಟ್ಟುಕಥೆಯಲ್ಲ. ಹಿರಿಯರ ತಾಳ್ಮೆ ಇಲ್ಲದವನು ಒಬ್ಬನೇ ಹೋಗಿದ್ದರೆ ಅಷ್ಟೇ ಸಾಕಿತ್ತು.

ಮೂರನೇ ಶನಿವಾರ ಸಿಕ್ಕಿತು. ದೊಡ್ಡ ಗಂಡು. ತಲೆ ಅಗಲ, ಕಿವಿ ಚಿಕ್ಕವು, ಎರಡು ಪಕ್ಕಕ್ಕೆ ಸರಿದ ಹಾಗೆ, ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಅನ್ನುವ ನಡಿಗೆ. ಆದರೂ ಒಂದು ಗಂಟೆ ನೋಡಿದೆವು. ಹಿಂದೆ ತಿರುಗಿದಾಗ ಗಂಡು ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ. ಎಂಬತ್ತೈದು ಮೀಟರ್. ಮುಂಗಾಲು ಮುಂದಿಟ್ಟಾಗ ಭುಜದ ಹಿಂದೆ ಒಂದೇ ಗುಂಡು. ಅದು ಗಿಡಗಳೊಳಗೆ ನುಗ್ಗಿ ಹೋಯಿತು, ಆಮೇಲೆ ಒಂದು ಸದ್ದು ಬಂತು. ಸಾಯುವ ಕರಡಿ ಕೆಲವೊಮ್ಮೆ ಹಾಗೆ ನರಳುತ್ತದೆ ಅಂತ ಹಿರಿಯರು ಮೊದಲೇ ಹೇಳಿದ್ದರು. ಹೇಳಿಸಿಕೊಳ್ಳುವುದು ಬೇರೆ. ಮುದುಕರೊಬ್ಬರು ಪಕ್ಕದ ಕೋಣೆಯಲ್ಲಿ ಜ್ವರದಲ್ಲಿ ನರಳಿದ ಹಾಗಿತ್ತು. ಅರ್ಧ ಗಂಟೆ ಕಾದು ಹೋದೆವು, ನಲವತ್ತು ಹೆಜ್ಜೆ ದೂರದಲ್ಲಿ ಬಿದ್ದಿತ್ತು.

ಆ ಫೋಟೋ ಅಲ್ಲೇ ತೆಗೆದದ್ದು. ನಾನು ನಗುತ್ತಿದ್ದೇನೆ ಅಂತ ಎಷ್ಟೋ ಜನ ಬರೆದಿದ್ದಾರೆ. ಹೌದು, ನಗುತ್ತಿದ್ದೇನೆ. ಯಾಕೆ ಅಂತ ಕೇಳಿದರೆ ಒಂದೇ ಗುಂಡಿಗೆ ಬಿತ್ತಲ್ಲ, ಗಾಯವಾಗಿ ಕಾಡು ಸೇರಲಿಲ್ಲವಲ್ಲ ಅನ್ನುವ ನಿರಾಳ. ಅರ್ಧ ಗಂಟೆ ಬಿಟ್ಟು ತೆಗೆದಿದ್ದರೆ ಬೇರೆ ಮುಖ ಇರುತ್ತಿತ್ತು. ಚರ್ಮ ಸುಲಿದ ಕರಡಿ ಮನುಷ್ಯನ ಮೈಯ ಹಾಗೆಯೇ ಕಾಣುತ್ತದೆ, ಅದರಲ್ಲೂ ಪಾದ. ಐದು ಬೆರಳು, ಹಿಮ್ಮಡಿ. ನಾನು ಸ್ವಲ್ಪ ಹೊತ್ತು ಆ ಕಡೆ ಹೋಗಿ ನಿಂತೆ. ಹಿರಿಯರು ಏನೂ ಅನ್ನಲಿಲ್ಲ, ಚಾಕು ಮಸೆಯುತ್ತಾ ಕೂತಿದ್ದರು. ಆಮೇಲೆ ನಾಲ್ಕು ಕಾಲು, ಬೆನ್ನಿನ ಮಾಂಸ, ಚರ್ಮ ಎಲ್ಲ ಬಟ್ಟೆ ಚೀಲಕ್ಕೆ ತುಂಬಿ ಮೂರು ಸಲ ಹೊತ್ತೆವು. ಮನೆ ಸೇರಿದಾಗ ರಾತ್ರಿ ಒಂದೂವರೆ.

ಅಡುಗೆ ಬಗ್ಗೆ ಒಂದು ಮಾತು, ಇಲ್ಲಿರುವ ಕನ್ನಡದವರಿಗೆ ಉಪಯೋಗಕ್ಕೆ ಬರಬಹುದು. ಕರಡಿ ಮಾಂಸದಲ್ಲಿ ಟ್ರೈಕಿನೆಲ್ಲಾ ಅನ್ನುವ ಹುಳ ಇರಬಹುದು. ಫ್ರೀಜರಿನಲ್ಲಿಟ್ಟರೆ ಸಾಯುತ್ತದೆ ಅಂತ ಹೇಳುವವರ ಮಾತು ಕೇಳಬೇಡಿ, ಉತ್ತರದ ಕರಡಿಗಳಲ್ಲಿರುವ ಜಾತಿ ಚಳಿಗೆ ಜಗ್ಗುವುದಿಲ್ಲ. 2022ರಲ್ಲಿ ಅಮೆರಿಕದ ಸೌತ್ ಡಕೋಟಾದಲ್ಲಿ ಒಂದು ಕುಟುಂಬ ಒಟ್ಟಿಗೆ ಸೇರಿ ಕೆನಡಾದ ಕರಡಿ ಮಾಂಸದ ಕಬಾಬ್ ತಿಂದು ಆರು ಜನ ಕಾಯಿಲೆ ಬಿದ್ದರು. ಮಾಂಸ 45 ದಿನ ಫ್ರೀಜರಿನಲ್ಲಿತ್ತು, ಬಣ್ಣ ಕಡುವಾಗಿದ್ದರಿಂದ ಬೆಂದಿದೆಯೋ ಇಲ್ಲವೋ ತಿಳಿಯಲಿಲ್ಲ. ಆರು ಜನರಲ್ಲಿ ಇಬ್ಬರು ಮಾಂಸವನ್ನೇ ತಿಂದಿರಲಿಲ್ಲ, ಅದರ ಜೊತೆ ಬೆಂದ ತರಕಾರಿ ತಿಂದಿದ್ದರು ಅಷ್ಟೇ. ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ನಮ್ಮ ಕಡೆ ಹಂದಿ ಸಾರಿನ ಹಾಗೆ ಮೂರು ಗಂಟೆ ಕುದಿಸಿದರೆ ಆ ಚಿಂತೆಯೇ ಇಲ್ಲ. ನಾನು ಹುಳಿ ಜಾಸ್ತಿ ಹಾಕಿ, ಕಾಳುಮೆಣಸು ಕುಟ್ಟಿ ಹಾಕಿ ಮಾಡಿದೆ, ಕಡುಬಿನ ಜೊತೆ. ಹುಲ್ಲು ಮೇಯುವ ಕಾಲದ ಕರಡಿಯ ಮಾಂಸಕ್ಕೆ ವಾಸನೆ ಇರುವುದಿಲ್ಲ, ದನದ ಮಾಂಸಕ್ಕೂ ಹಂದಿಗೂ ನಡುವಿನ ರುಚಿ ಅಂತ ತಿಂದವರು ಅಂದರು. ನನ್ನವಳು ಕಡುಬು ಮಾತ್ರ ತಿಂದಳು.

ಈಗ ತೀರ್ಥಹಳ್ಳಿಯವರಿಗೆ. ಸ್ವಾಮಿ, ನಿಮ್ಮ ಸಂಕಟ ನನಗೆ ಗೊತ್ತು. ನಮ್ಮ ಗದ್ದೆಗೂ ಹಂದಿ ಬಿದ್ದಿದೆ, ನಮ್ಮ ತೋಟದ ಬಾಳೆಗೂ ಮಂಗ ಬಂದಿದೆ. ಅದನ್ನು ಹೇಳಿ, ಪರಿಹಾರ ಕೇಳಿ, ಹಂದಿಯ ಬಗ್ಗೆ ವಾದ ಮಾಡಿ. ಅದರ ಮಧ್ಯೆ ನನ್ನ ಕರಡಿಯನ್ನು ಯಾಕೆ ತರುತ್ತೀರಿ? ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗಾಯಿತು. (ಆ ಗಾದೆಯಲ್ಲಿರುವುದು ಪ್ರಾಣಿಯಲ್ಲ, ಕರಡಿ ಮಜಲಿನ ವಾದ್ಯ ಅಂತ ಹೇಳುವವರೂ ಇದ್ದಾರೆ, ಇರಲಿ.) ಕೆನಡಾದಲ್ಲಿ ಬಿಡುತ್ತಾರೆ, ಹಾಗಾಗಿ ಅದು ಸರಿ ಅನ್ನುವ ಹಾಗೆ ಬರೆದಿದ್ದೀರಿ. ಇಲ್ಲಿಯೇ ಅದು ತೀರ್ಮಾನವಾಗಿಲ್ಲ. ಆಂಟಾರಿಯೊ ಪ್ರಾಂತ್ಯದಲ್ಲಿ 1999ರಲ್ಲಿ ವಸಂತದ ಕರಡಿ ಬೇಟೆಯನ್ನು ನಿಲ್ಲಿಸಿದರು, ತಾಯಿ ಸತ್ತ ಮರಿಗಳ ಕಾರಣಕ್ಕೇ ಜನ ಗಲಾಟೆ ಮಾಡಿದ್ದರು. 2014ರಲ್ಲಿ ಕೆಲವು ಕಡೆ ಪ್ರಯೋಗ ಅಂತ ಮತ್ತೆ ಶುರು ಮಾಡಿದರು, 2021ರಲ್ಲಿ ಕಾಯಂ ಮಾಡಿದರು. ಅಮೆರಿಕದ ಕೊಲರಾಡೊದಲ್ಲಿ 1992ರಲ್ಲಿ ಜನರೇ ವೋಟು ಹಾಕಿ ನಿಲ್ಲಿಸಿದರು. ನಮ್ಮ ಪಕ್ಕದ ವಾಷಿಂಗ್ಟನ್ ರಾಜ್ಯದಲ್ಲಿ 2022ರಲ್ಲಿ ಮೋಜಿನ ವಸಂತ ಬೇಟೆ ಬೇಡ ಅಂತ ಅಲ್ಲಿನ ವನ್ಯಜೀವಿ ಆಯೋಗ ತೀರ್ಮಾನಿಸಿತು. ನಮ್ಮ ಬ್ರಿಟಿಷ್ ಕೊಲಂಬಿಯಾದಲ್ಲೇ ಗ್ರಿಜ್ಲಿ ಬೇಟೆ 2017ರ ಕೊನೆಗೆ ನಿಂತಿತು. ಮಿಲ್ಲಿನ ಊಟದ ಕೋಣೆಯಲ್ಲಿ ಈ ವಿಷಯ ಎತ್ತಿದರೆ ಈಗಲೂ ಎರಡು ಗುಂಪಾಗುತ್ತದೆ.

ಅದಕ್ಕಿಂತ ಮುಖ್ಯ, ನಮ್ಮ ಕರಡಿಯೇ ಬೇರೆ. ಗೆದ್ದಲು, ಜೇನು ತಿಂದು ಮರಿಯನ್ನು ಬೆನ್ನ ಮೇಲೆ ಹೊತ್ತು ತಿರುಗುವ ಜಾತಿ ನಮ್ಮದು, ಕೆನಡಾದ್ದಕ್ಕೂ ಅದಕ್ಕೂ ದೂರದ ನೆಂಟಸ್ತನ ಅಷ್ಟೇ. ಕೆನಡಾದ ಕಪ್ಪು ಕರಡಿ ಲಕ್ಷಗಟ್ಟಲೆ ಇದೆ, ನಮ್ಮದು ಅಳಿವಿನ ಅಪಾಯದ ಪಟ್ಟಿಯಲ್ಲಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ. ಇಲ್ಲಿನದು ಮನುಷ್ಯನ ವಾಸನೆ ಬಂದರೆ ಸಾಮಾನ್ಯವಾಗಿ ಓಡುತ್ತದೆ, ನಮ್ಮದು ಹೆದರಿದರೆ ಮೈಮೇಲೆ ಬರುತ್ತದೆ. ಕೊಪ್ಪಳ, ಬಳ್ಳಾರಿ, ತುಮಕೂರು ಕಡೆ ಬೆಳಿಗ್ಗೆ ಹೊಲಕ್ಕೆ ಹೋದವರು ಮುಖ ಕಳೆದುಕೊಂಡು ಬಂದದ್ದನ್ನು ನಿಮ್ಮ ಪತ್ರಿಕೆಯಲ್ಲೇ ಓದುತ್ತಿರುತ್ತೇವೆ. ಕಲ್ಲುಗುಡ್ಡಗಳನ್ನು ಒಂದೊಂದಾಗಿ ಕ್ವಾರಿ ಮಾಡಿದರೆ ಅವು ಹೋಗುವುದಾದರೂ ಎಲ್ಲಿಗೆ. ಅದಕ್ಕೆ ಉತ್ತರ ನನ್ನ ಬಂದೂಕಿನಲ್ಲಿಲ್ಲ.

ಹಂಪಿ ಹತ್ತಿರದ ದರೋಜಿ ಕರಡಿಧಾಮಕ್ಕೆ ಹೋದ ಸಲ ಊರಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. 1994ರಲ್ಲಿ ಆದದ್ದು. ಮಧ್ಯಾಹ್ನ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಹೋಗುತ್ತಾರೆ, ಸ್ವಲ್ಪ ಹೊತ್ತಿಗೆ ಕರಡಿಗಳು ಬಂದು ನೆಕ್ಕುತ್ತವೆ, ನಾವು ವೀಕ್ಷಣಾ ಗೋಪುರದಿಂದ ನೋಡುತ್ತೇವೆ. ಮಗಳು ಕೇಳಿದಳು, ನಿಮ್ಮಲ್ಲಿ ಆಮಿಷ ಇಡುವ ಹಾಗಿಲ್ಲ ಅಂದಿದ್ದಿರಲ್ಲ ಪಪ್ಪಾ, ಇಲ್ಲಿ ಇಡಬಹುದಾ? ಇಲ್ಲಿ ಯಾರ ಕೈಯಲ್ಲೂ ಬಂದೂಕಿಲ್ಲ ಅಲ್ವಾ ಅಂದೆ.

ಮುಂದಿನ ವರ್ಷ ಹೋಗುತ್ತೀಯಾ ಅಂತ ಹಿರಿಯರು ಕೇಳಿದ್ದಾರೆ. ಹೋಗುತ್ತೇನೆ ಅನ್ನಿಸುತ್ತದೆ. ಅವರು ರಿಟೈರ್ ಆದ ಮೇಲೆ, ನಲವತ್ತು ನಿಮಿಷ ಕೂರು ಅಂತ ಭುಜ ಹಿಡಿಯುವವರು ಇಲ್ಲದಿದ್ದಾಗ ಹೋಗುತ್ತೇನೋ ಇಲ್ಲವೋ ಗೊತ್ತಿಲ್ಲ.

ಫೋಟೋ ನೋಡಿದ ದಿನ ಅಪ್ಪಯ್ಯ ಫೋನ್ ಮಾಡಿದ್ದರು. ಎಷ್ಟು ದೊಡ್ಡದು, ಎಷ್ಟು ದೂರ ಅಂತೆಲ್ಲ ಕೇಳುತ್ತಾರೆ ಅಂದುಕೊಂಡಿದ್ದೆ. 'ಮರಿ ಇತ್ತೇನೋ?' ಅಂದರು. ಇಲ್ಲ ಅಪ್ಪಯ್ಯ, ಗಂಡು ಅಂದೆ. 'ಹ್ಞೂಂ' ಅಂದು ಅಡಿಕೆ ಕೊಯ್ಲಿನ ಮಾತಿಗೆ ಹೋದರು.

ಆ ಫೋಟೋ ಇನ್ನೂ ಯಾರ ಫೋನಿನಲ್ಲಾದರೂ ಇದ್ದರೆ ಕೆಳಗಿನ ಸಾಲು ಅಳಿಸಿ ಇಟ್ಟುಕೊಳ್ಳಿ, ಇಲ್ಲವೇ ಫೋಟೋವನ್ನೇ ಅಳಿಸಿ. ನಿಮ್ಮ ಪತ್ರಿಕೆಗೂ ಯಾರಾದರೂ ಕಳಿಸಿದ್ದರೆ ದಯವಿಟ್ಟು ಹಾಕಬೇಡಿ.

– ತೀರ್ಥಹಳ್ಳಿ ತಾಲ್ಲೂಕಿನವನು, ಸದ್ಯ ಪ್ರಿನ್ಸ್ ಜಾರ್ಜ್, ಕೆನಡಾ